ಹದ್ದಿನ ಕಲ್ಲು

"ನೀವು ನಂಬೋದಕ್ಕೆಲ್ಲ ನೆಲದಲ್ಲಿ ಪುರಾವೆ ಏನಾದ್ರೂ ಸಿಕ್ಕಿದ್ಯಾ ಗುರು?"

ಗಚ್ಚಿಬೌಲಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೈಸೂರಿನ ಪ್ರದೀಪ ಹೀಗೆ ಕೇಳಿದಾಗ ನಾನು ಇಡ್ಲಿಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಬೆಟಗೇರಿಯ ಮೂರು ತಲೆಮಾರಿನ ಕ್ರೈಸ್ತ ನಾನು! ಯೆರೂಸಲೇಮಿನಲ್ಲಿ ಅದು ಸಿಕ್ಕಿದೆ, ಇದು ಸಿಕ್ಕಿದೆ ಎಂದೆ. "ನೀನು ನೋಡಿದ್ಯಾ?" ಎಂದ. ನೋಡಿರಲಿಲ್ಲ. ಇವನ ಕೈಗೆ ಒಂದಾದರೂ ಪುರಾವೆ ಕೊಡದಿದ್ದರೆ ನನ್ನ ಹೆಸರು ಸ್ಯಾಮ್ಯುವೆಲ್ಲೇ ಅಲ್ಲ ಎಂದು ಶಪಥ ಮಾಡಿದೆ.

ದೇವರು ಆ ಶನಿವಾರವೇ ಕಿವಿಗೊಟ್ಟ. ಪಟಾನ್‌ಚೆರು ಆಚೆ ಎಲ್ಲ ಸಾಫ್ಟ್‌ವೇರಿನವರಂತೆ ನಾವೂ ಒಂದು ಪ್ಲಾಟು ಕೊಂಡಿದ್ದೆವು. ಅದರ ಮೂಲೆಯಲ್ಲಿ ನಿಂಬೆ ಸಸಿ ನೆಡಲು ಅಗೆಯುತ್ತಿದ್ದಾಗ ಹಾರೆ ಠಣ್ ಎಂದಿತು. ಮಣ್ಣು ಬಿಡಿಸಿದರೆ ಒಂದು ಕರಿಕಲ್ಲು. ಅದರ ನೆತ್ತಿಯ ಮೇಲೆ ಶಿಲುಬೆ! ಹಾರೆ ಬಿಸಾಡಿ ಅದನ್ನು ಕಿತ್ತು ಮೇಲೆತ್ತಿದೆ.

ಕಾವಲುಗಾರ ಯಾದಯ್ಯನನ್ನು ಕೂಗಿ, ಇದೇನೆಂದು ಕೇಳಿದೆ.

"ಹದ್ದು ರಾಯಿ, ಸಾರ್" ಎಂದ ತೆಲುಗಿನಲ್ಲಿ.

ರಾಯಿ ಎಂದರೆ ಕಲ್ಲು, ಅಷ್ಟು ತೆಲುಗು ನನಗೆ ಬರುತ್ತದೆ. ಹದ್ದಂತೂ ನಮ್ಮದೇ, ಆಕಾಶದಲ್ಲಿ ಹಾರುವುದು. ಸಂತ ಯೋಹಾನನ ಗುರುತೂ ಹದ್ದೇ ಅಲ್ಲವೇ! ಇನ್ನೇನಾದರೂ ಸಿಕ್ಕೀತೆಂದು ಸುತ್ತ ಆರು ಗುಂಡಿ ತೋಡಿದೆ. ನಾಳೆ ಚರ್ಚಿಗೆ ಬಾ ಎಂದು ಯಾದಯ್ಯನನ್ನೂ ಕರೆದೆ.

ಮನೆಯಲ್ಲಿ ಹೆಂಡತಿ ಸುಗುಣಾ ಕಲ್ಲನ್ನೂ ನನ್ನನ್ನೂ ನೋಡಿದಳು. "ಸಸಿ ಹಚ್ಚಿದ್ರೇನು?"

"ಸಸಿ ಬಿಡು ಮಾರಾಯ್ತಿ, ಇತಿಹಾಸ ಸಿಕ್ಕೈತಿ!"

"ಭಾಳ ಹಾರಾಡಬ್ಯಾಡ್ರಿ. ಮೊದ್ಲು ತಿಳಿದವ್ರನ್ನ ಕೇಳ್ರಿ."

ಕೇಳಿದ್ದರೆ ಈ ಕಥೆ ಎಲ್ಲಿರುತ್ತಿತ್ತು!

ಭಾನುವಾರ ಬೇಗಂಪೇಟೆಯ ನಮ್ಮ ಪುಟ್ಟ ಕನ್ನಡ ಸಭೆಯಲ್ಲಿ, ಸೋಪು ಹಚ್ಚಿ ತೊಳೆದ ಕಲ್ಲನ್ನು ಬಿಳಿ ಬಟ್ಟೆಯ ಮೇಲೆ ಇಟ್ಟೆ. ಪ್ರದೀಪನನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. "ಪ್ರಿಯ ಸಭೆಯೇ, ಇದು ಪ್ರಾಚೀನ ದಖ್ಖನ್ ಕ್ರೈಸ್ತರ ಹದ್ದಿನ ಕಲ್ಲು!" ಎಂದು ಘೋಷಿಸಿದೆ.

ಆಗ ಯಾದಯ್ಯ ಬಂದ. ಅವನ ಹಿಂದೆಯೇ ಪಕ್ಕದ ಪ್ಲಾಟಿನ, ಬೀದರ್ ಕಡೆಯ ಸಿದ್ರಾಮಪ್ಪ, ಕೈಯಲ್ಲಿ ಅಳತೆಯ ಟೇಪು ಹಿಡಿದು.

"ಏನ್ರಿ ಸಾಹೇಬ್ರ, ನನ್ನ ಬಾಂದಗಲ್ಲು ಕಿತ್ತು ಇಲ್ಲಿ ತಂದು ಪೂಜಿ ಮಾಡಾಕತ್ತೀರೇನು?"

ಸುಗುಣಾ ಹಣೆ ಚಚ್ಚಿಕೊಂಡಳು. "ಹದ್ದು ಮೀರಬ್ಯಾಡ್ರಿ ಅಂತ ದಿನಾ ಬಡ್ಕೋತೀನಲ್ಲ, ಆ ಹದ್ದು ರೀ ಇದು!"

ಹದ್ದು ಎಂದರೆ ಗಡಿ. ಶಿಲುಬೆ ಎಂದರೆ ಸರ್ವೆಯವರು ಅಳತೆಗೆಂದು ಕೆತ್ತಿದ ಗುರುತು. ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ ತಟ್ಟುತ್ತದೆ ಎಂದು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವವನು ನಾನೇ! ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಕಲ್ಲನ್ನು ಮರಳಿ ನೆಡಿಸಲು ಸಭೆಗೆ ಸಭೆಯೇ ಪ್ಲಾಟಿಗೆ ಹೊರಟಿತು. ಭೂಮಿ ಅಲ್ಲಿ ಬಾಯಿ ಬಿಟ್ಟೇ ಇತ್ತು, ಏಳು ಕಡೆ.

"ಇದು ಇದ್ದದ್ದು ಯಾವ ಗುಂಡ್ಯಾಗ್ರಿ?" ಸಿದ್ರಾಮಪ್ಪ ಕೇಳಿದರು.

ಅಂದಾಜಿನ ಮೇಲೆ ಒಂದನ್ನು ತೋರಿಸಿದೆ.

"ಇದೇ ಅನ್ನಾಕ ಪುರಾವೆ ಏನೈತಿ?"

ಪ್ರದೀಪ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ.

"ಪುರಾವೆ ಇಲ್ರಿ," ಎಂದೆ. "ನನ್ನ ಮಾತು ನಂಬ್ರಿ."

ನಂಬುವವರ ಸಭೆಗೆ ಸಭೆಯೇ ಅಲ್ಲಿ ನಿಂತಿತ್ತು. ಒಬ್ಬರೂ ನಂಬಲಿಲ್ಲ!