ಲೋಟದ ನೆರಳಿನ ಚುಕ್ಕೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಪದಗಳೂ ಕರೆದಾಗ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಮ್ಮ ನೋವಿ ಬೋರ್ ಊರಿನಲ್ಲಿ ಎಲ್ಲರೂ ಗಾಜಿನ ಕೆಲಸದವರೇ. ಓಲ್ಡಾ ಮಾಮ ಕುಲುಮೆಯ ಮುಂದೆ ನಿಂತು ಲೋಟ ಊದುತ್ತಾನೆ. ನಾನು ಮನೆಯ ಮೂಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಚಿತ್ರದ ಗಾಜು ಮಾಡುತ್ತೇನೆ. ನನ್ನದು ಒಡೆಯುವುದಿಲ್ಲ, ಯಾರೂ ಕೊಳ್ಳುವುದೂ ಇಲ್ಲ! ಈ ಕ್ರಿಸ್‌ಮಸ್ಸಿಗೆ ಮುಂಚೆ, ಗಾಜಿನ ಕ್ಯಾಟಲಾಗ್ ಮಾಡುವ ಶ್ರೀಮತಿ ಪ್ರುಶೋವಾ ಫೋನ್ ಮಾಡಿದರು. "ನಿಮ್ಮ ಮಾಮನ ದುಂಡು ವೈನ್ ಲೋಟಾನ ಕಂಪ್ಯೂಟರಲ್ಲಿ ಮಾಡಿ ಕಳಿಸಮ್ಮ. ನಿಜದ್ದು ಅನ್ನಿಸಿದ್ರೆ ಕೆಲಸ ನಿಂದೇ."

ಹೊರಗೆ ಬಾಯಿ ಬಿಡದ ನಾನು ಮನೆಯಲ್ಲಿ ಘೋಷಿಸಿದೆ: "ನೋಡಿದೋರು ಎತ್ಕೊಳ್ಳೋಕೆ ಕೈ ಚಾಚ್ಬೇಕು, ಹಂಗೆ ಮಾಡ್ತೀನಿ!"

ಆಕಾರ ಕೂದಲೆಳೆಯಷ್ಟೂ ತಪ್ಪದೆ ಬಂತು. ಆದರೆ ನೀರು ತುಂಬಿದ ಲೋಟದಲ್ಲಿ ಬೆಳಕು ಬಾಗಿ, ಆಚೆ ಬದಿಯ ನೆರಳಿನ ನಡುವೆ ಉರಿಯುವ ಚುಕ್ಕೆಯಾಗಿ ಬೀಳಬೇಕಲ್ಲ, ಅದು ಮಾತ್ರ ಬರಲೊಲ್ಲದು. ಅಜ್ಜಿ ಇಣುಕಿದಳು.

"ಇದೇನೇ ರಾದ್ಕಾ, ಪ್ಲಾಸ್ಟಿಕ್ ಲೋಟಾನಾ?"

ಗಾಜಿನೂರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ!

ನಿಜವಾದ ಲೋಟವನ್ನೇ ಗುರು ಮಾಡಿಕೊಳ್ಳೋಣವೆಂದು, ಅದಕ್ಕೆ ನೀರು ತುಂಬಿ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟೆ. ಮೇಜಿನ ಮೇಲೆ ಅಜ್ಜಿ ತಾನೇ ಕಸೂತಿ ಹಾಕಿದ, ಹಬ್ಬಕ್ಕೆ ಮಾತ್ರ ಹೊರತೆಗೆಯುವ ಕಡುಗೆಂಪು ಬಟ್ಟೆ. ಚಳಿಗಾಲದ ಸೂರ್ಯ ಮುಖ ತೋರಿಸಿದ್ದೇ ತಡ, ಚುಕ್ಕೆ ಧಗಧಗ ಹೊಳೆಯಿತು! ಕಣ್ತುಂಬ ನೋಡಿಕೊಂಡು, ಪರದೆಯ ಕಡೆ ತಿರುಗಿ ಕೆಲಸದಲ್ಲಿ ಮುಳುಗಿದೆ.

"ರಾದ್ಕಾ, ಏನೋ ಸೀದ ವಾಸನೆ!"

"ನಿನ್ನ ಬಿಸ್ಕತ್ತಿರ್ಬೇಕು ಅಜ್ಜಿ."

"ನಾನಿನ್ನೂ ಹಿಟ್ಟೇ ಕಲಸಿಲ್ವಲ್ಲೇ!"

ತಿರುಗಿದರೆ ಚುಕ್ಕೆ ಇದ್ದಲ್ಲಿ ಹೊಗೆ! ಅಜ್ಜಿ ಬಚ್ಚಲಮನೆ ಬಾಗಿಲಲ್ಲಿದ್ದ ಬಕೆಟ್ ಎತ್ತಿ ಎರಚಿಯೇ ಬಿಟ್ಟಳು. ಹಬ್ಬದ ಊಟಕ್ಕೆ ಜೀವಂತವಾಗಿ ತಂದ ಕಾರ್ಪ್ ಮೀನು, ನಮ್ಮ ಕಡೆಯ ವಾಡಿಕೆಯಂತೆ, ಸ್ನಾನದ ತೊಟ್ಟಿಯಲ್ಲಿತ್ತು; ಮಾಮ ಸ್ನಾನಕ್ಕಿಳಿಯುವ ಮುಂಚೆ ಅದನ್ನು ಆ ಬಕೆಟ್ಟಿಗೇ ವರ್ಗ ಮಾಡಿದ್ದ! ಹೊಗೆ ಆರಿತು. ಲೋಟ ಅಲುಗಲಿಲ್ಲ. ಮೀನು ಮಾತ್ರ ಆಕಾಶಮಾರ್ಗವಾಗಿ ಬಂದು ನನ್ನ ಕೀಬೋರ್ಡಿನ ಮೇಲೆ ವಿರಾಜಮಾನವಾಗಿ ಪಟಪಟ ಟೈಪ್ ಮಾಡತೊಡಗಿತು!

ಟವೆಲ್ ಸುತ್ತಿಕೊಂಡು ಓಡಿ ಬಂದ ಮಾಮ ಕೂಗಿದ: "ಅಮ್ಮಾ! ಹಬ್ಬ ಇನ್ನೂ ದೂರ ಇದೆ, ಈಗ್ಲೇ ಬಡಿಸ್ತಿದ್ದೀಯಾ?"

ಮೀನು ಬದುಕಿತು, ಕೀಬೋರ್ಡ್ ಕೊನೆಯುಸಿರೆಳೆಯಿತು. ಮೇಜುಬಟ್ಟೆಯಲ್ಲಿ ತೂತು. ನಾನು ಗೊಳೋ ಎಂದು ಅತ್ತೆ.

"ಅಳೋದು ಆಮೇಲೆ," ಅಂದಳು ಅಜ್ಜಿ. "ಇಲ್ಲಿ ಸುಡೋ ಬೆಳಕು ನಿನ್ನ ಡಬ್ಬೀಲಿ ಯಾಕೆ ಸುಡಲ್ಲ? ಅದನ್ನ ಹೇಳು."

ನಿಜದ ಲೋಟವನ್ನು ಹತ್ತಿರದಿಂದ ನೋಡಿದೆ. ನೀರು ಗಾಜಿಗೆ ಅಂಟಿಕೊಂಡಿದೆ! ನಾನೋ, ಒಂದಕ್ಕೊಂದು ತಾಗದಿರಲೆಂದು ಅತಿ ಜಾಗ್ರತೆಯಿಂದ ನೀರಿಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದೆ. ಅದರಲ್ಲಿ ಗಾಳಿ ಸೇರಿ ಬೆಳಕಿಗೆ ದಾರಿ ತಪ್ಪುತ್ತಿತ್ತು! ಮಾಮನ ಹಳೇ ಕೀಬೋರ್ಡ್ ಜೋಡಿಸಿ, ನೀರನ್ನು ಗಾಜಿನೊಳಕ್ಕೆ ಒಂಚೂರು ತೂರಿಸಿದೆ. ಕಂಡದ್ದನ್ನೆಲ್ಲ ಮಾಡಬೇಕಲ್ಲ, ಬಟ್ಟೆಯ ಸುಟ್ಟ ತೂತನ್ನೂ ಬಿಡಲಿಲ್ಲ. ಕಂಪ್ಯೂಟರ್ ತಿಣುಕಿ ತಿಣುಕಿ ಚಿತ್ರ ಮುಗಿಸಿತು. ಚುಕ್ಕೆ ಮೂಡಿತ್ತು!

ಅಜ್ಜಿ ನೋಡಿದವಳೇ ಪರದೆಗೇ ಕೈ ಚಾಚಿದಳು.

"ಅಯ್ಯೋ ಮಂಕೇ, ಮತ್ತೆ ಬಿಸಿಲಲ್ಲಿಟ್ಟಿದ್ದೀಯಲ್ಲೇ! ಸರಿಸೇ ಅದನ್ನ!"

ಚಿತ್ರ ಕಳಿಸಿದೆ. ಸಂಜೆಗೆ ಶ್ರೀಮತಿ ಪ್ರುಶೋವಾ ಫೋನ್ ಮಾಡಿದರು.

"ಲೋಟ ನಿಜದ್ದೇ ಕಣಮ್ಮ. ಹೊಸ ವರ್ಷ ಕಳೀಲಿ, ಕೆಲಸಕ್ಕೆ ಬಾ. ಆದ್ರೆ ಬಟ್ಟೇಲಿ ಆ ಸುಟ್ಟ ತೂತು ಯಾಕೆ? ಅದೊಂದೇ ನಂಬೋ ಹಾಗಿಲ್ಲ!"

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಅಜ್ಜಿ ಸೂಜಿ, ದಾರ ತಂದು ನನ್ನ ಕೈಗಿಟ್ಟಳು.

ಹೊಸ ವರ್ಷ ಕಳೆದ ಮೇಲೆ ಕೆಲಸಕ್ಕೆ ಹೋಗುತ್ತೇನೆ. ಈಗ ಆ ತೂತಿನ ಮೇಲೆ ಒಂದು ನಕ್ಷತ್ರ ಹೊಲಿಯುತ್ತೇನೆ.