ನೋವಿಗೆ ನಾನು ಕೊಟ್ಟ ಮಾರ್ಕು

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ನೋವನ್ನು ಲೆಕ್ಕ ಹಾಕುವುದು ಏನು ಮಹಾ ಅಂದುಕೊಂಡಿದ್ದೆ.

ಪಾರ್ಶ್ವವಾಯು ಹೊಡೆದು ಮಲಗಿರುವ ನಮ್ಮೆಜಮಾನರನ್ನು ದಿನವೂ ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವುದು ನನ್ನ ಕೆಲಸ. ಒಂದು ಬೆಳಗ್ಗೆ ಎತ್ತುವಾಗ ಬಲಭುಜದಲ್ಲಿ ಚಟ್ ಎಂದಿತು. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಅರ್ಧ ಹರಿದಿದೆ ಎಂದರು ಡಾಕ್ಟರು. ಜೆ.ಪಿ. ನಗರದಿಂದ ಮಗಳು ನಮ್ಮ ತ್ಯಾಗರಾಜನಗರದ ಮನೆಗೆ ಓಡಿಬಂದಳು.

"ಎರಡು ತಿಂಗಳು ರಜಾ ಹಾಕಿ ಇಲ್ಲೇ ಇರ್ತೀನಮ್ಮ. ಅಷ್ಟರಲ್ಲಿ ನಿನ್ ಕೈ ಸರಿಹೋಗ್ಲಿಲ್ಲ ಅಂದ್ರೆ ಅಪ್ಪನ್ನ ಗೊಟ್ಟಿಗೆರೆ ಕೇರ್ ಹೋಮ್‌ಗೆ ಸೇರಿಸ್ಬೇಕಾಗತ್ತೆ. ಅಲ್ಲಿ ಎತ್ತಕ್ಕೆ ಜನ ಇದಾರೆ."

"ಒಂದೇ ತಿಂಗಳು ಸಾಕು ಬಿಡೇ," ಎಂದೆ.

ವ್ಯಾಯಾಮ ಮಾಡಿಸಲು ಮನೆಗೇ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಬಾಗಲಕೋಟೆ ಕಡೆಯವಳು. ಒಂದೊಂದು ಸಲ ಕೈ ಎತ್ತಿಸಿದಾಗಲೂ ಕೇಳುತ್ತಿದ್ದಳು, "ನೋವು ಹತ್ತರಾಗ ಎಷ್ಟ್ ಐತ್ರಿ ಮೇಡಂ?"

ಇಲ್ಲೇ ನೋಡಿ ನನ್ನ ಪಾಂಡಿತ್ಯ ಅಡ್ಡ ಬಂದದ್ದು. ಉತ್ತರ ಸರಿಯಿದ್ದರೂ ಮಾರ್ಜಿನ್ ಹಾಕಿಲ್ಲವೆಂದು ಅರ್ಧ ಮಾರ್ಕು ಕತ್ತರಿಸಿದವಳು ನಾನು. ನೋವಿಗೆ ಮಾತ್ರ ಧಾರಾಳವಾಗಿ ಕೊಟ್ಟುಬಿಡುತ್ತೇನೆಯೇ? ಕಣ್ಣಲ್ಲಿ ನೀರು ತುಂಬಿತ್ತು.

"ಎರಡೂವರೆ," ಎಂದೆ.

"ಅಷ್ಟೇನ್ರೀ? ಹಂಗಾದ್ರ ಮುಂದಿಂದು ಮಾಡೂಣು," ಎಂದು ಅವಳು ಇನ್ನೂ ಗಟ್ಟಿಯಾದ ರಬ್ಬರ್ ಪಟ್ಟಿ ಕೊಟ್ಟಳು. ಅದನ್ನೂ ಎಳೆದೆ. ಹಲ್ಲು ಕಚ್ಚಿಕೊಂಡು "ಮೂರು" ಎಂದೆ. ಹೆಚ್ಚು ಹೇಳಿದರೆ ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳಿಸುತ್ತಿತ್ತು. ನೋವಿನ ಮಾತ್ರೆಯನ್ನೂ ನುಂಗಲಿಲ್ಲ. ಮೂರು ಮಾರ್ಕಿನ ನೋವಿಗೆ ಮಾತ್ರೆ ಬೇರೆ ಕೇಡು!

ಐದನೇ ವಾರ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಮಗಳು ಸ್ನಾನಕ್ಕೆ ಹೋದದ್ದೇ ತಡ, ಇವರ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಮತ್ತೆ ಚಟ್. ಇಬ್ಬರೂ ನೆಲದ ಮೇಲಿದ್ದೆವು.

"ನೋವಾಯ್ತಾ?" ಎಂದರು ಇವರು, ತೊದಲುತ್ತಾ.

"ಇಲ್ಲ ರೀ. ನಿಮ್ಗೆ?" ಎಂದೆ. ಸುಳ್ಳು ಅಷ್ಟು ಹೊತ್ತಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಇವರಿಗೆ, ಪುಣ್ಯಕ್ಕೆ, ಏನೂ ಆಗಿರಲಿಲ್ಲ. ನನ್ನದು ಪೂರ್ತಿ ಹರಿದಿತ್ತು. ಆಪರೇಷನ್ನೇ ಆಗಬೇಕು ಎಂದರು ಡಾಕ್ಟರು. ಮಗಳು ಬೈಯಲಿಲ್ಲ. ಬೈದಿದ್ದರೆ ಹಾಯಾಗಿರುತ್ತಿತ್ತು. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ," ಎನ್ನುತ್ತಾ ಅಪ್ಪನ ಪಂಚೆಗಳನ್ನು ಮಡಿಸಿ ಬ್ಯಾಗಿಗಿಟ್ಟಳು.

ಭಾನುವಾರ ಹೋಮ್‌ನವರು ಬಂದು ಇವರನ್ನು ಕಾರಿನಲ್ಲಿ ಕೂರಿಸಿದರು. ಸ್ವಾಧೀನದಲ್ಲಿರುವ ಒಂದೇ ಕೈಯನ್ನು ಇವರು ಕಿಟಕಿಯಲ್ಲಿ ಎತ್ತಿ ತೋರಿಸಿದರು. ನಾನೂ ಕೈ ಬೀಸಲು ಹೋದೆ. ಕುತ್ತಿಗೆಗೆ ಕಟ್ಟಿಹಾಕಿದ್ದ ಬಲಗೈ ಏಳಲಿಲ್ಲ. ಗೇಟು ಹಿಡಿದು ಕಂಬದಂತೆ ನಿಂತೆ. ಆ ಗೇಟು ಹಿಡಿದಿದ್ದದ್ದು ನನ್ನ ಎಡಗೈ, ಅದಕ್ಕೆ ಏನೂ ಆಗಿಲ್ಲ ಎಂದು ಹೊಳೆದದ್ದು ಕಾರು ತಿರುವು ದಾಟಿದ ಮೇಲೆ.