ತಕ್ಕಡಿ ಏರಿದ ಕೂಲಿ

ವಸ್ತುಸಂಗ್ರಹಾಲಯದ ಹಾಲ್‌ನಲ್ಲಿ ಆಳೆತ್ತರದ ತಕ್ಕಡಿ ತಂದು ನಿಲ್ಲಿಸಿದ್ದು ನಿರ್ದೇಶಕರು. ಅದರಲ್ಲಿ ಸಿಕ್ಕಿಹಾಕಿಕೊಂಡದ್ದು ಗಾರೆ ಮೇಸ್ತ್ರಿ.

ಎರಡು ಸಾವಿರ ವರ್ಷದ ಹಿಂದೆ ಗಾರೆ ಕೆಲಸದವನ ಒಂದು ದಿನದ ಕೂಲಿಗೆ ಏನೇನು ಬರುತ್ತಿತ್ತು ಎಂಬುದನ್ನು ನಿರ್ದೇಶಕರು ಯಾವುದೋ ಶಾಸನದಿಂದ ಹೆಕ್ಕಿ ತೆಗೆದಿದ್ದರು. ಅಷ್ಟೂ ಧಾನ್ಯ, ಎಣ್ಣೆ, ಜೇನು, ಬಟ್ಟೆ, ಸೌದೆ ಎಡ ತಟ್ಟೆಗೆ. ಈಗಿನವನ ಕೂಲಿಗೆ ಬರುವ ಅದೇ ಸಾಮಾನು ಬಲ ತಟ್ಟೆಗೆ. ಬಲ ತಟ್ಟೆ ಧಪ್ಪೆಂದು ಕೆಳಗಿಳಿಯಬೇಕು, ಮಧ್ಯಾಹ್ನ ಉದ್ಘಾಟನೆಗೆ ಬರುವ ಮಂತ್ರಿಗಳು ಆಹಾ ಎಂಥ ಪ್ರಗತಿ ಎನ್ನಬೇಕು. ಈಗಿನವನನ್ನು ದೂರ ಹುಡುಕಬೇಕಿರಲಿಲ್ಲ. ಹಿಂಬದಿಯ ಗೋಡೆಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿಯನ್ನೇ ಕರೆದರು.

ಕೂಲಿ ಜಾಸ್ತಿ ಕೇಳಿಯೇ ತೀರುತ್ತೇನೆಂದು ಮೇಸ್ತ್ರಿ ಅಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದ. ಮೂರು ವರ್ಷದಿಂದ ಈ ಮಾತನ್ನು ಕೊಡುತ್ತಲೇ ಇದ್ದ. ನಿರ್ದೇಶಕರ ಮುಂದೆ ನಿಂತರೆ ಮಾತ್ರ ನಾಲಿಗೆ ಒಣಗಿದ ಗಾರೆಯಾಗುತ್ತಿತ್ತು. "ಈ ಸಲಾನೂ ಹಲ್ಲು ಕಿರಿದು ವಾಪಸ್ ಬಂದ್ರೆ ಬಾಗಿಲು ತೆಗಿಯಲ್ಲ" ಎಂದಿದ್ದಳು ಆಕೆ.

ಕ್ಯಾಷಿಯರು ಮೇಸ್ತ್ರಿಯ ಒಂದು ದಿನದ ಕೂಲಿಯಷ್ಟು ದುಡ್ಡು ಹಿಡಿದು ಪೇಟೆಗೆ ಹೋಗಿ, ಸಾಮಾನು ತಂದು ಬಲ ತಟ್ಟೆಗೆ ಹೇರಿದರು. ತಟ್ಟೆ ಜಪ್ಪಯ್ಯ ಅನ್ನಲಿಲ್ಲ. ಮುನಿಸಿಕೊಂಡ ಅಳಿಯನ ಹಾಗೆ ಮೇಲೆಯೇ ಬಿಗಿದುಕೊಂಡು ಕೂತಿತ್ತು.

"ಏನ್ರೀ, ಪೂರ್ತಿ ಹಾಕಿದ್ರಾ?" ನಿರ್ದೇಶಕರು ಬೆವರು ಒರೆಸಿಕೊಂಡರು.

"ಚೀಲ ಕೂಡ ಕೊಡವಿದೀನಿ ಸಾರ್" ಎಂದರು ಕ್ಯಾಷಿಯರು.

"ಫೋನಿಡಿ ಸಾರ್. ಆಗಿನವನ ಹತ್ರ ಫೋನೆಲ್ಲಿತ್ತು?" ಕಾವಲುಗಾರ ಬುದ್ಧಿ ಖರ್ಚು ಮಾಡಿದ. ಮೇಸ್ತ್ರಿಯ ಫೋನು ತಟ್ಟೆಗೆ ಹೋಯಿತು. ತಟ್ಟೆಗೆ ಗೊತ್ತೇ ಆಗಲಿಲ್ಲ, ಫೋನು ವಾಪಸ್ ಅವನ ಜೇಬಿಗೆ ಬಂತು.

ಟಿಕೆಟ್ ಕೊಡುವಾಕೆ ಬಿಡುತ್ತಾಳೆಯೇ? "ಸೈಕಲ್ಲೂ ಇಡಿ ಸಾರ್, ಅದೂ ಪ್ರಗತೀನೇ!"

ಮೇಸ್ತ್ರಿಯ ಸೈಕಲ್ಲು ತಟ್ಟೆ ಏರಿತು, ಅರೆಗಳಿಗೆ ಓಲಾಡಿತು, ಜಾರಿ ನೇರ ನಿರ್ದೇಶಕರ ಪಾದದ ಮೇಲೆ ಬಿತ್ತು. ಅವರು ಒಂಟಿಕಾಲಲ್ಲಿ ಹಾಲ್ ತುಂಬ ಸುತ್ತಿದರು. ಅಷ್ಟರಲ್ಲಿ ಮಂತ್ರಿಗಳು ಹೊರಟರೆಂದು ಸುದ್ದಿ ಬಂತು.

"ಹಾಳಾದ ತಕ್ಕಡಿ!" ನಿರ್ದೇಶಕರು ಕಿರುಚಿದರು.

"ತಪ್ಪು ತಕ್ಕಡೀದಲ್ಲ ಸಾರ್, ಕೂಲೀದು."

ಎಲ್ಲರೂ ತಿರುಗಿ ನೋಡಿದರು. ಹಾಗೆಂದವನು ತಾನೇ ಎಂದು ತಿಳಿದು ಮೇಸ್ತ್ರಿಯೂ ಬೆಚ್ಚಿದ. ಆದರೆ ಬಾಯಿ ಒಮ್ಮೆ ಬಿಟ್ಟಾಗಿತ್ತು. "ಸಾಮಾನಿನ ಬೆಲೆ ಏರ್ತಾನೇ ಇದೆ. ನನ್ ಕೂಲಿ ಮಾತ್ರ ಮೂರು ವರ್ಷದಿಂದ ಇದ್ದಲ್ಲೇ ಇದೆ. ತಟ್ಟೆ ಹೇಗೆ ಇಳಿಯುತ್ತೆ?"

"ಇಳಿಯೋದು ಹಾಗಿರ್ಲಿ, ಎಷ್ಟಾದ್ರೆ ಸಮ ಬರುತ್ತೆ?" ಎಂದರು ನಿರ್ದೇಶಕರು.

"ದುಪ್ಪಟ್ಟು ಸಾರ್" ಎಂದರು ಕ್ಯಾಷಿಯರು.

"ಆಯ್ತು, ಇವತ್ತಿಂದ್ಲೇ ದುಪ್ಪಟ್ಟು! ಓಡ್ರೀ ಪೇಟೆಗೆ!"

ಎರಡನೆಯ ಚೀಲ ಬಿದ್ದದ್ದೇ ತಡ, ಬಲ ತಟ್ಟೆ ಇಳಿದು ಎಡದ್ದಕ್ಕೆ ಸರಿಸಮ ನಿಂತಿತು. ಮೇಸ್ತ್ರಿಯ ಎದೆ ಉಬ್ಬಿತು. ಅವನ ಫೋಟೋ ತೆಗೆದು, ಕೆಳಗೆ "ಇವರ ಒಂದು ದಿನದ ಕೂಲಿ" ಎಂದು ದಪ್ಪಕ್ಷರದ ಬೋರ್ಡು ತಗುಲಿಸಿದರು. ಮಂತ್ರಿಗಳು ಬಂದು ಚಪ್ಪಾಳೆ ತಟ್ಟಿದರು, ಮೇಸ್ತ್ರಿಯ ಗಾರೆ ಮೆತ್ತಿದ ಕೈ ಕುಲುಕಿದರು. ಗೆದ್ದೆ ಎನ್ನಿಸಿತು ಅವನಿಗೆ, ನಿಜಕ್ಕೂ ಗೆದ್ದಿದ್ದ. ಹೆಂಡತಿಗೆ ಫೋನು ಮಾಡಿ, "ಅಕ್ಕಪಕ್ಕದವರನ್ನೂ ಕರ್ಕೊಂಡು ಬೇಗ ಬಾ, ಒಂದು ತೋರಿಸ್ಬೇಕು" ಎಂದಷ್ಟೇ ಹೇಳಿದ.

ಮಂತ್ರಿಗಳು ಹೋದಮೇಲೆ ಮೇಸ್ತ್ರಿ ತಟ್ಟೆಗೆ ಕೈ ಹಾಕಿದರೆ, ಕ್ಯಾಷಿಯರು ಗಾಜಿನ ಮುಚ್ಚಳ ಇಳಿಸಿಬಿಟ್ಟರು.

"ಸಾರ್, ನನ್ ಕೂಲಿ!"

"ತಗೊಳ್ಳಿ, ಹಳೇ ಕೂಲಿ ಕೈಗೆ. ಜಾಸ್ತಿ ಮಾಡಿದ್ದು ಪ್ರದರ್ಶನದ ದುಡ್ಡಲ್ಲಿ. ಅದು ತಟ್ಟೇಲೇ ಇರ್ಬೇಕು."

"ನಾಳೆ ಕೂಲಿ?"

"ಪ್ರದರ್ಶನಕ್ಕೆ ನಾಳೆಗೂ ಇದೇ ಸಾಮಾನು ಸಾಕಲ್ಲ ಮೇಸ್ತ್ರಿ! ನಿಮಗೆ ಹಳೇ ಕೂಲೀನೇ."

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನೆರೆಹೊರೆಯವರೊಂದಿಗೆ ಒಳಗೆ ಬಂದಳು. ಪಕ್ಕದ ಮನೆಯಾಕೆ ಬೋರ್ಡನ್ನು ಗಟ್ಟಿಯಾಗಿ ಓದಿ, "ಅಬ್ಬಾ, ದಿನಕ್ಕೆ ಇಷ್ಟಾ!" ಎಂದಳು. ಹೆಂಡತಿ ಫೋಟೋ ನೋಡಿದಳು, ತುಂಬಿದ ತಟ್ಟೆ ನೋಡಿದಳು, ಗಂಡನ ಕೈಯಲ್ಲಿದ್ದ ಎಂದಿನ ನೋಟುಗಳನ್ನು ನೋಡಿದಳು.

"ರೀ" ಎಂದಳು ಮೆಲ್ಲಗೆ, "ಮಿಕ್ಕ ಅರ್ಧ ಕೂಲಿ ಮೂರು ವರ್ಷದಿಂದ ಯಾರ ಮನೆಗೆ ಹೋಗ್ತಿದೆ?"